ಮನೆಯೊಳಗಿನ ಪಾಟ್ ಮಣ್ಣನ್ನ ಬೆಕ್ಕು ಕೆರೀತಿದೆ, ಕಾಫಿ ಚರಟ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಮಳೆ ಶುರುವಾದಾಗಿಂದ ಬೆಕ್ಕು ಹಾಲ್‌ನಲ್ಲಿರೋ ಪಾಟ್‌ಗಳಲ್ಲೇ ಗಲೀಜು ಮಾಡ್ತಿದೆ, ಯಾರೋ ಚರಟ ಹಾಕಿ ಅಂದ್ರು ಅಂತ ಬರ್ದಿದೀರ. ಚರಟದಲ್ಲೂ ಕೆಫೀನ್ ಉಳಿದಿರತ್ತೆ, ಕೆರೆದ ಕಾಲನ್ನ ಬೆಕ್ಕು ನೆಕ್ಕೇ ನೆಕ್ಕತ್ತೆ, ಅದಕ್ಕೆ ಕೆಫೀನ್ ವಿಷ. ನುಸಿ ಗುಳಿಗೆ, ಖಾರದ ಪುಡಿನೂ ಬೇಡ. ಫಿನಾಯಿಲ್ ಅಂತೂ ಹತ್ರಕ್ಕೂ ತರಬೇಡಿ, ಅಂಥದ್ದನ್ನ ಹೊರಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬಾ ಕಮ್ಮಿ.

ನಾವಿರೋದು ಸಕಲೇಶಪುರದ ಹತ್ರ, ಮನೆ ತುಂಬ ಆಂಥೂರಿಯಂ ಪಾಟ್, ಬೆಕ್ಕುಗಳೂ ಇವೆ. ನಿಮ್ಮ ಬೆಕ್ಕು ಹಟಕ್ಕೆ ಮಾಡ್ತಿಲ್ಲ ರೀ. ಬೇಸಿಗೇಲಿ ಹಿತ್ತಲಿಗೆ ಹೋಗಿ ಬರ್ತಿತ್ತು, ಈಗ ಹೊರಗೆ ಎಲ್ಲಿ ಕಾಲಿಟ್ರೂ ಕೆಸರು, ಒಣಗಿದ ಸಡಿಲ ಮಣ್ಣು ಅಂತ ಸಿಗೋದು ನಿಮ್ಮ ಪಾಟ್‌ನಲ್ಲಿ ಮಾತ್ರ. ಸ್ವಲ್ಪ ಗಮನಿಸಿ ನೋಡಿ, ಮೊದ್ಲು ಮೂಸತ್ತೆ, ಮುಂಗಾಲಲ್ಲಿ ಒಂದೆರಡು ಸಲ ಕೆರೆಯತ್ತೆ, ಮಣ್ಣು ಸಲೀಸಾಗಿ ಬಂದ್ರೆ ಗುಂಡಿ ಮಾಡ್ಕೊಂಡು ಕೂರತ್ತೆ, ಗಟ್ಟಿ ಏನಾದ್ರೂ ಉಗುರಿಗೆ ತಗುಲಿದ್ರೆ ಬಿಟ್ಟು ಪಕ್ಕದ ಪಾಟ್‌ಗೆ ಹೋಗತ್ತೆ.

ಅದಕ್ಕೇ ಮೊದ್ಲು ಅದಕ್ಕೊಂದು ಜಾಗ ಕೊಡಿ. ಅಗಲವಾದ ಪ್ಲಾಸ್ಟಿಕ್ ಟಬ್‌ಗೆ ಮೂರು ಇಂಚು ಒಣ ಮರಳು ಹಾಕಿ ಜನ ಓಡಾಡದ ಮೂಲೇಲಿಡಿ, ಅನ್ನ ಹಾಕೋ ತಟ್ಟೆ ಪಕ್ಕ ಮಾತ್ರ ಬೇಡ. ಒಂದು ಬೆಕ್ಕಿದ್ರೆ ಎರಡು ಟಬ್ ಇಟ್ರೆ ಒಳ್ಳೇದು. ದಿನಾ ಕ್ಲೀನ್ ಮಾಡ್ಲೇಬೇಕು, ಕೊಳಕಾದ್ರೆ ವಾಪಸ್ ಪಾಟ್‌ಗೇ ಬರತ್ತೆ. ಮನೇಲಿ ಬಸುರಿ ಇದ್ರೆ ಈ ಕೆಲಸ ಬೇರೆಯವರು ಮಾಡ್ಲಿ, ಬೆಕ್ಕಿನ ಹೇಲಿಂದ ಟಾಕ್ಸೋಪ್ಲಾಸ್ಮಾ ಅನ್ನೋ ಸೋಂಕು ಹರಡಬಹುದು, ಮಗುವಿಗೆ ತೊಂದ್ರೆ.

ಪಾಟ್‌ನ ಮೇಲಿನ ಎರಡಿಂಚು ಮಣ್ಣು ತೆಗೆದು ಹೊಸದು ಹಾಕಿ, ಹಳೇ ವಾಸನೆ ಇದ್ರೆ ಅದೇ ಕರೆಯತ್ತೆ. ಮೇಲೆ ಮುಷ್ಟಿ ಗಾತ್ರದ ಹೊಳೆ ಕಲ್ಲು ಒತ್ತೊತ್ತಾಗಿ ಜೋಡಿಸಿ, ಸಣ್ಣ ಜಲ್ಲಿ ಹಾಕಿದ್ರೆ ಅದನ್ನೂ ಕೆರೆಯತ್ತೆ. ಭಾರ ಬೇಡ ಅಂದ್ರೆ ಕೋಳಿ ಗೂಡಿಗೆ ಹಾಕೋ ತಂತಿ ಬಲೆ ಕತ್ತರಿಸಿ, ಅಂಚು ಒಳಗೆ ಮಡಚಿ, ಗಿಡದ ಬುಡಕ್ಕೆ ಸುತ್ತ ಹಾಸಿ, ನೀರು ಹಾಕೋಕೂ ಅಡ್ಡಿಯಾಗಲ್ಲ. ನನಗೆ ಇದೇ ಇಷ್ಟ.

ಇನ್ನು ಗಿಡ ಯಾವ್ದು ಅಂತ ನೀವು ಬರ್ದಿಲ್ಲ. ಆಂಥೂರಿಯಂ, ಮನಿ ಪ್ಲಾಂಟ್ ಎಲೆ ಕಚ್ಚಿದ್ರೆ ಬಾಯಿ ಉರಿದು ಜೊಲ್ಲು ಸುರಿಯತ್ತೆ, ಎತ್ತರದಲ್ಲಿಡಿ. ಲಿಲ್ಲಿ ಇದ್ರೆ ಇವತ್ತೇ ಯಾರಿಗಾದ್ರೂ ಕೊಟ್ಬಿಡಿ, ಅದರ ಪರಾಗ ನೆಕ್ಕಿದ್ರೂ ಬೆಕ್ಕಿನ ಕಿಡ್ನಿ ಹೋಗತ್ತೆ.

ಟಬ್ ಇಟ್ಟ ಮೇಲೂ ಪದೇ ಪದೇ ಕೂತು, ತಿಣುಕಿ, ಹನಿ ಹನಿ ಉಚ್ಚೆ ಹೊಯ್ತಿದ್ರೆ ಅದು ಮಣ್ಣಿನ ವಿಷಯ ಅಲ್ಲ. ಗಂಡು ಬೆಕ್ಕಾದ್ರೆ ಉಚ್ಚೆ ಕಟ್ಟಿರಬಹುದು, ನಾಳೆ ನೋಡೋಣ ಅನ್ನಬೇಡಿ. ನೀವಿರೋ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿಗೋ ಹತ್ರದ ಡಾಕ್ಟರ ಹತ್ರಕ್ಕೋ ಅವತ್ತೇ ಕರ್ಕೊಂಡು ಹೋಗಿ.