ಗದ್ದೆ ಹೋದರೆ ಗುಣವೂ ಹೋಗುತ್ತಾ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮೂರಿನ ಗದ್ದೆಗಳೆಲ್ಲ ಅಡಿಕೆ ತೋಟ ಆದವು. ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸರದಿಯಲ್ಲಿ ಹೋಗುವ ಮುಯ್ಯಾಳು ನಿಂತುಹೋಯಿತು. ದುಡ್ಡು ಓಡಾಡತೊಡಗಿದ ಮೇಲೆ ಜನ ಸ್ವಾರ್ಥಿಗಳಾದರು. ದುಡ್ಡು ಮನುಷ್ಯರ ಸ್ವಭಾವವನ್ನೇ ಬದಲಾಯಿಸುತ್ತಾ?’

ನಿಮ್ಮ ಬೇಸರ ನನಗೂ ತಟ್ಟಿತು. ಆದರೆ ದುಡ್ಡಿಗಿಂತ ಮೊದಲು ಕೆಲಸವನ್ನು ನೋಡೋಣ. ನಾಟಿ ಯಾರಿಗೂ ಕಾಯುವುದಿಲ್ಲ. ಸಸಿ ಕಿತ್ತ ಮೇಲೆ ಬೇಗ ನೆಡಬೇಕು, ಅದಕ್ಕೆ ಮನೆಯವರಷ್ಟೇ ಸಾಲುವುದಿಲ್ಲ. ನೀರು ಮೇಲಿನ ಗದ್ದೆಯವರು ಬಿಟ್ಟರೆ ತಾನೇ ಕೆಳಗೆ ಬರುವುದು? ನೆರೆಯವರ ಜೊತೆ ಮಾತು ಬಿಟ್ಟು ಭತ್ತ ಬೆಳೆಯುವುದು ಕಷ್ಟ.

ಮನಃಶಾಸ್ತ್ರಜ್ಞ ಥಾಮಸ್ ಟಾಲ್‌ಹೆಲ್ಮ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಚೀನಾದ ಅಧ್ಯಯನ ಇದನ್ನೇ ಕೆದಕಿತು. ಅದರ ಒಂದು ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ತಮ್ಮನ್ನೂ ಗೆಳೆಯರನ್ನೂ ವೃತ್ತಗಳಾಗಿ ಬರೆಯಬೇಕಿತ್ತು. ಗೋಧಿ ಸೀಮೆಯವರು ತಮ್ಮ ವೃತ್ತವನ್ನು ಗೆಳೆಯರದ್ದಕ್ಕಿಂತ ದೊಡ್ಡದಾಗಿ ಬರೆದರು. ಭತ್ತದ ಸೀಮೆಯವರು ಹಾಗೆ ಮಾಡಲಿಲ್ಲ. ಸೀಮೆ ಬೇರೆಯಾದರೆ ಇನ್ನೂ ಹತ್ತು ವಿಷಯ ಬೇರೆ ಇರುತ್ತವೆ, ಅಲ್ವಾ? ಅದಕ್ಕೇ 2024ರಲ್ಲಿ ಚೀನಾದ ನಿಂಗ್‌ಶಿಯಾ ಪ್ರದೇಶದ ಎರಡು ಸರ್ಕಾರಿ ಕೃಷಿಕ್ಷೇತ್ರಗಳ ಅಧ್ಯಯನ ಬಂತು. ಯಾರು ಭತ್ತ, ಯಾರು ಗೋಧಿ ಬೆಳೆಯಬೇಕು ಎಂದು ಅಲ್ಲಿ ಜನ ತಾವೇ ಆರಿಸಿಕೊಂಡಿರಲಿಲ್ಲ. ಅಲ್ಲೂ ಅದೇ ಬಗೆಯ ವ್ಯತ್ಯಾಸ ಕಂಡಿತು.

ಆದರೆ ಭತ್ತದವರು ಒಳ್ಳೆಯವರು, ಗೋಧಿಯವರು ಸ್ವಾರ್ಥಿಗಳು ಅಂತ ಓದಬೇಡಿ. ಗೆಳೆಯ ಮೋಸ ಮಾಡಿದಾಗ ಅವನನ್ನು ಶಿಕ್ಷಿಸಲು ಹೆಚ್ಚು ಹಿಂಜರಿದವರೂ ಭತ್ತದ ಸೀಮೆಯವರೇ. ‘ನಮ್ಮವರು’ ಅನ್ನುವ ಅಂಟು ಎರಡೂ ಕಡೆ ಎಳೆಯುತ್ತದೆ.

ನಮ್ಮ ಜಿಲ್ಲೆಗೇ ಬರೋಣ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಅಲ್ಲಿ ದೊಡ್ಡ ಜಗಳ. ಅದೂ ಭತ್ತದ ಗದ್ದೆಯೇ! ಸರೀಕರ ನಡುವೆ ಮುಯ್ಯಾಳು ಚೆಂದವಾಗಿಯೇ ನಡೆದಿರಬಹುದು. ಒಡೆಯ ಕರೆದಾಗ ಬರುವುದಿಲ್ಲ ಎನ್ನಲು ಆಗದವನ ದುಡಿಮೆಯನ್ನು ಸಹಕಾರ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಅಡಿಕೆಯವರ ಮಾತು. ಶಿವಮೊಗ್ಗದ ಮ್ಯಾಮ್‌ಕೋಸ್ ಅಡಿಕೆ ಬೆಳೆಗಾರರದೇ ಸಹಕಾರ ಸಂಘ, ಶುರುವಾಗಿದ್ದು 1939ರಲ್ಲಿ. ಒಬ್ಬೊಬ್ಬರೇ ಮಂಡಿಗೆ ಹೋದರೆ ದರದಲ್ಲಿ ಸೋಲುತ್ತೇವೆ ಎಂದು ಕಂಡಾಗ ತೋಟದವರೂ ಒಟ್ಟಾದರು. ಹಾಗಾಗಿ ನಿಮ್ಮೂರಿನವರ ಸ್ವಭಾವ ಕೆಟ್ಟಿತು ಅನ್ನುವ ಮೊದಲು ಒಂದು ವಿಷಯ ನೋಡಿ: ಅಡಿಕೆ ಗೊನೆ ಕೊಯ್ಲಿಗೆ, ಸುಲಿಯುವುದಕ್ಕೆ ಈಗ ಯಾರು ಯಾರ ಮನೆಗೆ ಹೋಗುತ್ತಾರೆ? ಕೂಲಿಗೋ, ಮುಯ್ಯಿಗೋ? ವಿಚಾರಿಸಿ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ