ಮೂಗಿನಿಂದ ರಕ್ತ ಬಂದರೆ ಮುಖ ಮೇಲೆತ್ತಿಸಬೇಡಿ

ಪ್ರಶ್ನೆ: ಮಗನಿಗೆ ಆರು ವರ್ಷ. ಬೇಸಿಗೆ ಬಂತೆಂದರೆ ವಾರಕ್ಕೊಮ್ಮೆಯಾದರೂ ಮೂಗಿನಿಂದ ರಕ್ತ ಸುರಿಯುತ್ತದೆ. ಅತ್ತೆಯವರು ಉಷ್ಣ ಎಂದು ತಲೆಗೆ ತಣ್ಣೀರು ತಟ್ಟಿ, ಮುಖ ಮೇಲೆತ್ತಿಸಿ ಮಲಗಿಸುತ್ತಾರೆ. ಮೊನ್ನೆ ರಕ್ತವನ್ನೇ ವಾಂತಿ ಮಾಡಿದ. ಭಯವಾಗಿದೆ. – ಓದುಗರು, ರಾಯಚೂರು

ಉತ್ತರ: ವಾಂತಿಯಲ್ಲಿ ಬಂದದ್ದು ಬಹುತೇಕ ಮೂಗಿನದೇ ರಕ್ತ. ಮುಖ ಮೇಲೆತ್ತಿದರೆ ರಕ್ತ ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ. ಗಂಟಲಿಗಿಳಿದು ಹೊಟ್ಟೆ ಸೇರಿದ್ದು ಹೊಟ್ಟೆ ತೊಳಸಿ ಹೊರಬರುತ್ತದೆ.

ಮಗುವನ್ನು ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಎದುರಿಗೊಂದು ಬೋಗುಣಿ ಇಡಿ. ಹೆಚ್ಚಿನವರು ತಪ್ಪುವುದು ಹಿಡಿಯುವ ಜಾಗದಲ್ಲಿ. ಹುಬ್ಬಿನ ನಡುವಿನಿಂದ ಬೆರಳನ್ನು ಕೆಳಗೆ ಜಾರಿಸಿ. ಮೂಳೆ ಮುಗಿದು ಮೂಗು ಮೆತ್ತಗಾಗುವಲ್ಲಿ ಎರಡೂ ಹೊಳ್ಳೆ ಮುಚ್ಚುವಂತೆ ಗಟ್ಟಿಯಾಗಿ ಹಿಡಿಯಿರಿ. ಮೂಳೆ ಒತ್ತಿದರೆ ಪ್ರಯೋಜನವಿಲ್ಲ. ಗಡಿಯಾರ ನೋಡಿ ಪೂರ್ತಿ 10 ನಿಮಿಷ. ‘ನಿಂತಿತೇ?’ ಎಂದು ನಡುವೆ ಬಿಟ್ಟು ನೋಡಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಹೋಗುತ್ತದೆ. ಬಾಯಿಂದ ಉಸಿರಾಡಲಿ, ಬಾಯಿಗೆ ಬಂದದ್ದನ್ನು ಉಗುಳಲಿ. ನಿಲ್ಲದಿದ್ದರೆ ಇನ್ನೊಂದು 10 ನಿಮಿಷ. ಹತ್ತಿ ತುರುಕಬೇಡಿ, ಎಳೆಯುವಾಗ ಹೆಪ್ಪೂ ಜೊತೆಗೆ ಬರುತ್ತದೆ. ನಿಂತ ಮೇಲೆ ಒಂದು ದಿನ ಮೂಗು ಸೀಟುವುದು, ಬಿಸಿಬಿಸಿ ಕುಡಿಯುವುದು ಬೇಡ.

ಅತ್ತೆಯವರ ‘ಉಷ್ಣ’ ಪೂರ್ತಿ ಸುಳ್ಳಲ್ಲ. ಮೂಗಿನ ನಡುಗೋಡೆಯ ಮುಂಭಾಗದಲ್ಲಿ ತೆಳು ಪೊರೆಯಡಿ ರಕ್ತನಾಳಗಳ ಬಲೆಯೇ ಇದೆ. ಬೇಸಿಗೆಯ ಒಣಹವೆಗೆ ಅಲ್ಲಿ ಹಕ್ಕಳೆ ಕಟ್ಟುತ್ತದೆ, ಕೆರೆತ ಶುರುವಾಗುತ್ತದೆ, ನಿದ್ದೆಯಲ್ಲೂ ಬೆರಳು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಉಗುರು ಕತ್ತರಿಸಿ. ದಿನಕ್ಕೆ ಎರಡು ಮೂರು ಸಲ ಸಲೈನ್ ಮೂಗಿನ ಹನಿ ಹಾಕಿ. ಮಲಗುವಾಗ ಹೆಸರುಕಾಳಿನಷ್ಟು ವ್ಯಾಸಲೀನನ್ನು ಹೊಳ್ಳೆಯ ಒಳಅಂಚಿಗಷ್ಟೇ ಸವರಿ. ಮಲಗಿಸಿಕೊಂಡು ಕೊಬ್ಬರಿ ಎಣ್ಣೆ, ತುಪ್ಪ ಬಿಡುವುದು ಬೇಡ, ಶ್ವಾಸಕೋಶಕ್ಕೆ ಇಳಿಯಬಹುದು.

20 ನಿಮಿಷ ಹಿಡಿದರೂ ನಿಲ್ಲದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಮಗು ಬಿಳಿಚಿಕೊಂಡರೆ ತಕ್ಷಣ ಆಸ್ಪತ್ರೆಗೆ. ಜ್ವರವೂ ಇದ್ದರೆ ಡೆಂಗಿ ಇರಬಹುದು: ಆಸ್ಪಿರಿನ್, ಐಬುಪ್ರೊಫೇನ್ ಕೊಡದೆ ಅದೇ ದಿನ ವೈದ್ಯರಿಗೆ ತೋರಿಸಿ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಮಣಿಯೋ ಬಟನ್ ಬ್ಯಾಟರಿಯೋ ಒಳಗಿದ್ದೀತು. ಬ್ಯಾಟರಿಯಾದರೆ ಗಂಟೆಗಳಲ್ಲೇ ಒಳಗೆ ಸುಡುತ್ತದೆ, ಕಾಯುವಂತಿಲ್ಲ. ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ, ವಸಡಿನಲ್ಲಿ ರಕ್ತ ಕಂಡರೆ ರಕ್ತಪರೀಕ್ಷೆ ಬೇಕು; ಎರಡು ವರ್ಷದೊಳಗಿನ ಮಗುವಿಗೆ ಒಮ್ಮೆ ಬಂದರೂ ತೋರಿಸಿ.

ನಿಮ್ಮ ಮಗನಿಗೆ ವಾರವಾರ ಬರುವುದರಿಂದ ಇಎನ್‌ಟಿ ವೈದ್ಯರಿಗೆ ಒಮ್ಮೆ ತೋರಿಸಿ. ಸೋರುವ ನಾಳ ಕಂಡರೆ ಆ ಜಾಗವನ್ನು ಮರಗಟ್ಟಿಸಿ, ನಾಳವನ್ನು ಸುಟ್ಟು ಮುಚ್ಚುವ ಸಿಲ್ವರ್ ನೈಟ್ರೇಟ್ ಎಂಬ ರಾಸಾಯನಿಕ ತಾಗಿಸುತ್ತಾರೆ. ಅದೂ ಒಂದು ಸಲಕ್ಕೆ ಒಂದೇ ಬದಿಗೆ, ಎರಡೂ ಕಡೆ ಒಟ್ಟಿಗೆ ಸುಟ್ಟರೆ ನಡುಗೋಡೆಯಲ್ಲಿ ತೂತು ಬೀಳುವ ಅಪಾಯವಿದೆ.