ಇಂಡಸ್ಟ್ರಿಯಲ್ ಕಡೆ ಹೋಗುವವರು ಮೊದಲು ಡ್ರಮ್ಸ್ ನೋಡಿಕೊಳ್ಳಿ

ಗಾಥಿಕ್ ಮೆಟಲ್‌ಕೋರ್ (ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ, ಕತ್ತಲೆ ಭಾವದ ಸಂಗೀತ) ನುಡಿಸುತ್ತೀರಿ, ಮೋಷನ್‌ಲೆಸ್ ಇನ್ ವೈಟ್ ಬ್ಯಾಂಡಿನ 'ಇನ್‌ಫೇಮಸ್' ಆಲ್ಬಂ ಕೇಳಿ ಹುಚ್ಚು ಹಿಡಿದಿದೆ, ಮುಂದಿನ ಇಪಿ (ಕಿರು ಆಲ್ಬಂ) ಅದೇ ಇಂಡಸ್ಟ್ರಿಯಲ್ ದಾರಿಯಲ್ಲಿ, ಅಂದರೆ ಯಂತ್ರದ ಸದ್ದಿನ ದಾರಿಯಲ್ಲಿ ಇರಬೇಕು, ಅದಕ್ಕೆ ಯಾವ ಸಿಂಥ್ ಪ್ಲಗಿನ್ (ಕಂಪ್ಯೂಟರಿನಲ್ಲಿ ಸಿಂಥಸೈಜರ್ ಸದ್ದು ಕೊಡುವ ಸಾಫ್ಟ್‌ವೇರ್) ಕೊಳ್ಳಬೇಕು ಅಂತ ಕೇಳಿದ್ದೀರಿ. ನಿಮ್ಮ ಕೀಬೋರ್ಡ್ ಹುಡುಗಿಗೆ ಇನ್ನು ಕೆಲಸ ಇರುತ್ತದಾ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಆ ಆಲ್ಬಂ ಅನ್ನೇ ಇನ್ನೊಂದು ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿ, ನಿಮಗೆ ಬೇಕಾದ್ದರಲ್ಲಿ ಅರ್ಧ ಅಲ್ಲೇ ಸಿಗುತ್ತದೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ, ಗುಂಪಿನಲ್ಲಿ ಹೊಸಬರೂ ಇದ್ದಾರೆ. ಮೋಷನ್‌ಲೆಸ್ ಇನ್ ವೈಟ್‌ನವರು ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಊರಿನವರು. ಅವರ 2010ರ ಆಲ್ಬಂ 'ಕ್ರೀಚರ್ಸ್' ಪಕ್ಕಾ ಮೆಟಲ್‌ಕೋರ್, ಮೇಲೆ ಭಯದ ಸಿನಿಮಾದ ಬಣ್ಣ ಹಚ್ಚಿದ ಕೀಬೋರ್ಡ್. 2012ರ ನವೆಂಬರ್‌ನಲ್ಲಿ 'ಇನ್‌ಫೇಮಸ್' ಬಂತು. ಇದಕ್ಕೆ ನಿರ್ಮಾಪಕರು ಇಬ್ಬರು. ಒಬ್ಬರು ಜೇಸನ್ ಸುಕಾಫ್, ಭಾರೀ ಮೆಟಲ್ ಆಲ್ಬಂಗಳಿಗೆ ಹೆಸರಾದವರು. ಇನ್ನೊಬ್ಬರು ಸ್ವೀಡನ್ನಿನ ಟಿಮ್ ಶೋಲ್ಡ್. ಇವರು ಕೆಎಂಎಫ್‌ಡಿಎಂ ಎಂಬ ಇಂಡಸ್ಟ್ರಿಯಲ್ ಬ್ಯಾಂಡಿನಲ್ಲಿ ಇದ್ದವರು, ಆಮೇಲೆ ಮರಿಲಿನ್ ಮ್ಯಾನ್ಸನ್ ಬ್ಯಾಂಡಿನಲ್ಲಿ ಬೇಸ್ ನುಡಿಸಿದವರು, ಮ್ಯಾನ್ಸನ್ನರ 2003ರ ಆಲ್ಬಂ ನಿರ್ಮಾಣದಲ್ಲೂ ಕೈ ಜೋಡಿಸಿದವರು. ಅಂದರೆ ಬ್ಯಾಂಡ್ ಇಂಡಸ್ಟ್ರಿಯಲ್ ಕಲಿಯಲು ನೇರವಾಗಿ ಆ ಮನೆಯವರನ್ನೇ ಕರೆಸಿಕೊಂಡಿತು. ಮ್ಯಾನ್ಸನ್ ನಕಲು ಅಂತ ಆಗ ಬೈದವರು ಬಹಳ ಮಂದಿ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಪ್ರಭಾವ ಕಣ್ಣಿಗೆ ಹೊಡೆಯುವಂತೆ ಇದೆ, ಗಾಯಕ ಕ್ರಿಸ್ ಮೋಷನ್‌ಲೆಸ್ ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಕಲಿಯುವವರಿಗೆ ಇಷ್ಟು ಒಳ್ಳೆಯ ಪಾಠ ಬೇರೆ ಸಿಗುವುದು ಕಷ್ಟ, ಯಾಕೆಂದರೆ ಒಂದೇ ಆಲ್ಬಂನಲ್ಲಿ ಹಳೆಯ ದಾರಿ, ಹೊಸ ದಾರಿ ಎರಡೂ ಪಕ್ಕಪಕ್ಕದಲ್ಲೇ ಇವೆ.

'ಬ್ಲ್ಯಾಕ್ ಡಮಾಸ್ಕ್' ಮತ್ತು 'ಎ-ಎಂ-ಇ-ಆರ್-ಐ-ಸಿ-ಎ' ಒಂದರ ಹಿಂದೆ ಒಂದು ಹಾಕಿ ಕೇಳಿ. ಮೊದಲನೆಯದರಲ್ಲಿ ಎಲ್ಲವೂ ಒಟ್ಟಿಗೆ ಓಡುತ್ತದೆ, ಗಿಟಾರ್, ಡಬಲ್ ಕಿಕ್ (ಎರಡೂ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಮೇಲೆ ಕೀಬೋರ್ಡ್. ಎರಡನೆಯದರಲ್ಲಿ ಡ್ರಮ್ಸ್ ಸುಮ್ನೆ ಮೆರವಣಿಗೆ ಹೊರಟ ಹಾಗೆ ಹೆಜ್ಜೆ ಹಾಕುತ್ತದೆ. ಗಿಟಾರ್ ಬೇಕಾದಲ್ಲಿ ಮಾತ್ರ ಹೊಡೆಯುತ್ತದೆ, ಉಳಿದ ಜಾಗ ಸಿಂಥ್‌ಗೆ ಮತ್ತು ದನಿಗೆ. ಸೇರಿಸಿದ್ದಕ್ಕಿಂತ ತೆಗೆದು ಹಾಕಿದ್ದೇ ಜಾಸ್ತಿ ಅಲ್ವಾ? ನಮ್ಮ ಕಡೆಯ ಬ್ಯಾಂಡ್‌ಗಳು ಎಡವುವುದು ಇಲ್ಲೇ. ಮೆಟಲ್‌ಕೋರ್ ಹಾಡನ್ನು ಹಾಗೇ ಇಟ್ಟುಕೊಂಡು ಮೇಲೆ ಸಿಂಥ್ ಸುರಿಯುತ್ತಾರೆ, ಕೊನೆಗೆ ಯಾವುದೂ ಕೇಳಿಸುವುದಿಲ್ಲ.

ಈಗ ನಿಮ್ಮ ಕೆಲಸ. ಇರುವ ಹಾಡುಗಳಲ್ಲಿ ಒಂದನ್ನು ತೆರೆಯಿರಿ. ಕಿಕ್, ಸ್ನೇರ್, ರಿದಂ ಗಿಟಾರ್ ಬಿಟ್ಟು ಎಲ್ಲ ಮ್ಯೂಟ್ ಮಾಡಿ. ಆ ಮೂರಕ್ಕೇ ತಲೆ ತೂಗಬೇಕು. ತೂಗದಿದ್ದರೆ ವೇಗ ಇಳಿಸಿ, 100ರಿಂದ 125 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ಒಳಗೆ ತನ್ನಿ, ಡಬಲ್ ಕಿಕ್ ಓಟ ತೆಗೆದು ಕಿಕ್ ಎಲ್ಲಿ ಬೀಳುತ್ತದೋ ಅಲ್ಲೇ ಗಿಟಾರ್ ಹೊಡೆಯುವ ಹಾಗೆ ರಿಫ್ ಅನ್ನು ಮತ್ತೆ ಬರೆಯಿರಿ. ಕಿಕ್ ಅನ್ನು ಪೂರ್ತಿ ಗ್ರಿಡ್‌ಗೆ, ಅಂದರೆ ಸಾಫ್ಟ್‌ವೇರ್ ತೋರಿಸುವ ತಾಳದ ಗೆರೆಗಳಿಗೆ ಸರಿಯಾಗಿ ಕೂರಿಸಿ, ಇಲ್ಲಿ ಮನುಷ್ಯನ ಸಹಜತೆ ಬೇಕಿಲ್ಲ. ಗಿಟಾರ್‌ಗೆ ನಾಯ್ಸ್ ಗೇಟ್ (ಸದ್ದು ತಗ್ಗಿದ ಕೂಡಲೇ ಅದನ್ನು ಮುಚ್ಚಿಬಿಡುವ ಎಫೆಕ್ಟ್) ಗಟ್ಟಿಯಾಗಿ ಹಾಕಿ. 110 ಬಿಪಿಎಂನಲ್ಲಿ ಒಂದು ಹದಿನಾರನೇ ನೋಟ್ (ಒಂದು ಬೀಟ್‌ನ ಕಾಲು ಭಾಗ) ಸುಮಾರು 136 ಮಿಲಿಸೆಕೆಂಡ್. ಗೇಟ್ ಅದಕ್ಕಿಂತ ಮೊದಲೇ ಮುಚ್ಚಿದರೆ ನೋಟ್‌ಗಳ ನಡುವೆ ನಿಜವಾದ ಮೌನ ಸಿಗುತ್ತದೆ. ಆ ಮೌನ ಇಲ್ಲದಿದ್ದರೆ ಯಂತ್ರದ ಭಾವ ಬರುವುದೇ ಇಲ್ಲ. ಫಿಯರ್ ಫ್ಯಾಕ್ಟರಿಯ 1995ರ 'ಡಿಮ್ಯಾನುಫ್ಯಾಕ್ಚರ್' ಕೇಳಿ, ಕಾಲು ಮತ್ತು ಬಲಗೈ ಒಂದೇ ಆಗಿಬಿಟ್ಟಿವೆ. ಗಾಡ್‌ಫ್ಲೆಶ್ 1989ರಲ್ಲಿ 'ಸ್ಟ್ರೀಟ್‌ಕ್ಲೀನರ್' ಮಾಡಿದಾಗ ಡ್ರಮ್ಮರ್ ಇರಲೇ ಇಲ್ಲ, ಡ್ರಮ್ ಮಷೀನ್ ಇತ್ತು ಅಷ್ಟೇ. ಎಷ್ಟು ಭಾರ ನೋಡಿ ಅದು!

ಶಬ್ದಗಳಿಗೂ ದುಡ್ಡು ಹಾಕಬೇಡಿ. ಬರ್ಲಿನ್ನಿನ ಐನ್‌ಶ್ಟುರ್ಟ್ಸೆಂಡೆ ನಾಯ್‌ಬೌಟನ್ ಬ್ಯಾಂಡಿನವರು 80ರ ದಶಕದ ಆರಂಭದಲ್ಲಿ ಗುಜರಿ ಕಬ್ಬಿಣ, ಡ್ರಿಲ್ ಇಟ್ಟುಕೊಂಡೇ ವೇದಿಕೆ ಹತ್ತಿದವರು. ನೀವು ಬೆಂಗಳೂರಿನಲ್ಲಿ ಇದ್ದೀರಿ, ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮಷೀನಿಗೆ ಬರ ಇಲ್ಲ. ಅಂಗಡಿಯವರನ್ನು ಕೇಳಿಕೊಂಡು ಫೋನಿನಲ್ಲೇ ರೆಕಾರ್ಡ್ ಮಾಡಿ. ಶಬ್ದ ಕಡಿಮೆ ಮಾಡುವ ಸೆಟ್ಟಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಫೋನ್ ನಿಮಗೆ ಬೇಕಾದ ಕರ್ಕಶವನ್ನೇ ನುಂಗಿಬಿಡುತ್ತದೆ. ರೋಲಿಂಗ್ ಶಟರ್ ಎಳೆಯುವುದು, ಕಬ್ಬಿಣದ ಪಟ್ಟಿ ನೆಲಕ್ಕೆ ಬೀಳುವುದು, ಎಲ್ಲ ಹಿಡಿದಿಡಿ. ಆಮೇಲೆ ಐದಾರು ಸೆಮಿಟೋನ್ (ಅರ್ಧ ಸ್ವರ) ಕೆಳಗಿಳಿಸಿ, 150 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಡಿಸ್ಟಾರ್ಷನ್ ಕೊಟ್ಟು, ಚಿಕ್ಕದಾಗಿ ತುಂಡರಿಸಿ ಸ್ನೇರ್ ಕೆಳಗೆ ಇಡಿ. ಯಾವ ಸ್ಯಾಂಪಲ್ ಪ್ಯಾಕೂ ಇದನ್ನು ಕೊಡುವುದಿಲ್ಲ, ಬೇರೆ ಯಾರ ಹಾಡಿನಲ್ಲೂ ಅದು ಇರುವುದಿಲ್ಲ.

ತಗ್ಗು ಸ್ವರಗಳ ಭಾಗದ ಬಗ್ಗೆ ಎಚ್ಚರ. ಡ್ರಾಪ್ ಸಿ ಶ್ರುತಿಯಲ್ಲಿ ಗಿಟಾರಿನ ಅತಿ ತಗ್ಗಿನ ತಂತಿ ಸುಮಾರು 65 ಹರ್ಟ್ಸ್, ಬೇಸ್ ಅದರ ಅರ್ಧ. ಅಲ್ಲಿಗೆ ಸಿಂಥ್ ಬೇಸ್ ಕೂಡ ಬಂದರೆ ಬರೀ ಕೆಸರು. 100 ಹರ್ಟ್ಸ್ ಕೆಳಗೆ ಸಿಂಥ್ ಒಂದೇ ಇರಲಿ, ಬೇಸ್ ಗಿಟಾರಿನಿಂದ ಮೇಲಿನ ಒರಟು ಭಾಗ ಮಾತ್ರ ತೆಗೆದುಕೊಳ್ಳಿ. ಕಿಕ್ ಬಿದ್ದಾಗ ಸಿಂಥ್ ತಗ್ಗುವ ಹಾಗೆ ಸೈಡ್‌ಚೈನ್ ಕಟ್ಟಿ. ದನಿಗೆ ಎಲ್ಲ ಕಡೆ ಕಿರುಚಾಟ ಬೇಡ. ವರ್ಸ್‌ನಲ್ಲಿ ಪಿಸುಮಾತನ್ನು ಇನ್ನೊಂದು ಟ್ರ್ಯಾಕ್‌ನಲ್ಲಿ ಜೊತೆಗಿಟ್ಟು, ಕೆಟ್ಟುಹೋದ ರೇಡಿಯೋದಂತೆ ಡಿಸ್ಟಾರ್ಟ್ ಮಾಡಿದರೆ ಸಾಕು.

ಇನ್ನು ಕೀಬೋರ್ಡ್ ಹುಡುಗಿ. ದಯವಿಟ್ಟು ಅವಳನ್ನು ಬಿಡಬೇಡಿ! 'ಇನ್‌ಫೇಮಸ್' ಕಾಲದಲ್ಲೂ ಜಾಶ್ ಬಾಲ್ಜ್ ಅವರ ಕೀಬೋರ್ಡ್ ಇತ್ತು, ಆ ಗಾಥಿಕ್ ನೆರಳು ಇಲ್ಲದಿದ್ದರೆ ಆಲ್ಬಂ ಬರೀ ಯಂತ್ರದ ಸದ್ದಾಗಿ ಉಳಿಯುತ್ತಿತ್ತು. ನಿಮ್ಮ ಹಾಡಿಗೆ ದುಃಖ ತರುವವಳು ಅವಳೇ. ಹಾರ್ಮೋನಿಕ್ ಮೈನರ್ ಸ್ವರಶ್ರೇಣಿಯಲ್ಲಿ ನಾಲ್ಕೈದು ಸ್ವರದ ಒಂದು ಪಿಯಾನೋ ಎಳೆ ಬರೆಯಲು ಹೇಳಿ. ವರ್ಸ್‌ನಲ್ಲಿ ಅದು ಪಿಯಾನೋ ಆಗಿಯೇ ಇರಲಿ, ಕೋರಸ್‌ಗೆ ಅದೇ ಸ್ವರಗಳನ್ನು ಸಾ-ವೇವ್ ಸೀಕ್ವೆನ್ಸ್‌ಗೆ (ಒಂದೇ ಸಮ ಓಡುವ ಒರಟು ಸಿಂಥ್ ಸಾಲಿಗೆ) ಕೊಡಿ. ಕೇಳುಗನಿಗೆ ಕಾರಣ ಗೊತ್ತಾಗುವುದಿಲ್ಲ, ಆದರೆ ಹಾಡು ಒಂದೇ ಮೈ ಅನ್ನಿಸುತ್ತದೆ. ಡಿಎಡಬ್ಲ್ಯು (ರೆಕಾರ್ಡಿಂಗ್ ಸಾಫ್ಟ್‌ವೇರ್) ಜೊತೆಗೇ ಬರುವ ಉಚಿತ ಸಿಂಥ್ ಇದಕ್ಕೆ ಧಾರಾಳವಾಗಿ ಸಾಕು.

ವೇದಿಕೆಯ ವಿಷಯವನ್ನೂ ಈಗಲೇ ಯೋಚಿಸಿ, ರೆಕಾರ್ಡಿಂಗ್ ಮುಗಿದ ಮೇಲೆ ಅಲ್ಲ. ಡ್ರಮ್ಮರ್ ಇವತ್ತಿನಿಂದಲೇ ಕ್ಲಿಕ್ (ತಾಳ ಎಣಿಸುವ ಟಿಕ್ ಟಿಕ್ ಸದ್ದು) ಜೊತೆ ಅಭ್ಯಾಸ ಮಾಡಲಿ. ಸಣ್ಣ ಜಾಗಗಳಲ್ಲಿ ಎರಡೇ ಔಟ್‌ಪುಟ್ ಇದ್ದರೂ ನಡೆಯುತ್ತದೆ, ಎಡಕ್ಕೆ ಕ್ಲಿಕ್, ಬಲಕ್ಕೆ ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್ ಮೋನೋದಲ್ಲಿ. ಎಡಗಡೆಯದು ಡ್ರಮ್ಮರ್ ಕಿವಿಗೆ ಮಾತ್ರ ಹೋಗಬೇಕು, ಪಿಎಗೆ (ಜನರಿಗೆ ಕೇಳಿಸುವ ಸ್ಪೀಕರ್‌ಗಳಿಗೆ) ಹೋಗಬಾರದು, ಸೌಂಡ್ ಚೆಕ್‌ನಲ್ಲಿ ಇದನ್ನೇ ಮೊದಲು ನೋಡಿ. ಲ್ಯಾಪ್‌ಟಾಪ್ ಕೀಬೋರ್ಡ್ ಹುಡುಗಿಯ ಕೈಯಲ್ಲಿರಲಿ, ಹಾಡು ಶುರು ಮಾಡುವುದು, ನಿಲ್ಲಿಸುವುದು ಅವಳದೇ ಕೆಲಸ. ಪೀಣ್ಯದ ಸ್ಯಾಂಪಲ್‌ಗಳನ್ನು ಟ್ರ್ಯಾಕ್‌ಗೆ ಸೇರಿಸದೆ ಅವಳ ಪ್ಯಾಡ್‌ಗಳಿಗೆ (ತಟ್ಟಿದರೆ ಸ್ಯಾಂಪಲ್ ನುಡಿಯುವ ಗುಂಡಿಗಳಿಗೆ) ಹಾಕಿ, ಅವಳು ಕೈಯಿಂದಲೇ ಹೊಡೆಯಲಿ. ಕಿಕ್, ಸ್ನೇರ್, ಗಿಟಾರ್ ಮೂರೇ ಇರುವ ಡೆಮೊ ಸಿದ್ಧವಾದಾಗ ಇಲ್ಲಿ ಹಾಕಿ, ಗೇಟ್ ಎಷ್ಟು ಬಿಗಿ ಬೇಕು ಅಂತ ಕೇಳಿ ಹೇಳುತ್ತೇನೆ.